ಮೀಸಲು ತುಪ್ಪದ ಡಬ್ಬಿ

ಅವತ್ತು ಬೆಳಗಾದಾಗ ಚಳ್ಳಕೆರೆಯ ಮೇಲೆ ಮೋಡವೇನೋ ಇತ್ತು, ಮಳೆಯ ಲಕ್ಷಣವಿರಲಿಲ್ಲ. ಆಷಾಢದ ಗಾಳಿ ಕಾವಲಿನ ಹುಲ್ಲನ್ನೆಲ್ಲ ಒಂದೇ ಕಡೆಗೆ ಬಾಗಿಸಿ, ಪೇಟೆಯೊಳಕ್ಕೂ ನುಗ್ಗಿ, ಅಂಗಡಿಗಳ ಟಾರ್ಪಾಲುಗಳನ್ನು ಪಟಪಟ ಬಡಿಯುತ್ತಿತ್ತು.

ದೊಡ್ಡಉಳ್ಳಾರ್ತಿ ಬಳಿಯ ಸಂಶೋಧನಾ ಕೇಂದ್ರದಲ್ಲಿ ಓದುವ ನೀಮಾಗೆ ಅದು ರಜೆಯ ದಿನ. ತಾಂಜಾನಿಯಾದಿಂದ ಬಂದು ವರ್ಷವಾಗಿತ್ತು. ಮುರುಕು ಕನ್ನಡ ಬಾಯಿಗೆ ಹತ್ತಿತ್ತು. ಪೇಟೆ ಸುತ್ತಬೇಕು, ಸಿಕ್ಕಿದ್ದನ್ನೆಲ್ಲ ತಿನ್ನಬೇಕು, ಆಮೇಲೆ ಮೊಳಕಾಲ್ಮುರು ಬಸ್ಸು ಹಿಡಿದು ಮುದ್ದಕ್ಕನ ಡಬ್ಬಿ ವಾಪಸ್ ಕೊಟ್ಟು ಬರಬೇಕು ಎಂದು ಹೊರಟಿದ್ದಳು. ಮುದ್ದಕ್ಕ ಎಂದರೆ ಹಾಸ್ಟೆಲಿನ ಪಕ್ಕದ ಕೋಣೆಯ ರಶ್ಮಿತಾಳ ಅಜ್ಜಿ. ಹೋದ ತಿಂಗಳು, ದೂರದ ಕೂಸು ತಿನ್ನಲಿ ಎಂದು ಹಿತ್ತಾಳೆ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಳಿಸಿದ್ದಳು.

"ಇಸ್ಕೊಂಡ ಪಾತ್ರೇನ ಬರಿದಾಗಿ ಕೊಡಬಾರ್ದು ಕಣೇ," ಎಂದು ರಶ್ಮಿತಾ ಮೊದಲೇ ಹೇಳಿಕೊಟ್ಟಿದ್ದಳು. ಅದಕ್ಕೇ ನೀಮಾ ಏನು ತುಂಬಲಿ ಎಂದು ಅವಳನ್ನೂ ಜೊತೆಗೆ ಕರೆದುಕೊಂಡು ಅಂಗಡಿ ಅಂಗಡಿ ಸುತ್ತಿದಳು. ಮಿರ್ಚಿ ಕಡಿದು ಕಣ್ಣೊರೆಸಿಕೊಂಡಳು, ಖಾರ ಮಂಡಕ್ಕಿ ಎರಡು ಸಲ ಇಸಿದುಕೊಂಡಳು. ಹುರಿದ ಶೇಂಗಾ ಕಂಡು ಹಿಗ್ಗಿದಳು.

"ನಮ್ಮ ಊರಲ್ಲಿ ಇದು ಕರಾಂಗಾ. ಅಜ್ಜಿಗೆ ಇದೇ."

ಶೇಂಗಾ, ಬೆಲ್ಲ ಎರಡನ್ನೂ ಕಾಗದದಲ್ಲಿ ಕಟ್ಟಿಸಿದಳು. ಮುಂದಿನ ಅಂಗಡಿಯಲ್ಲಿ ಮೊಟ್ಟೆಗಳನ್ನು ಪೇರಿಸಿಟ್ಟಿದ್ದರು. ಅದನ್ನು ನೋಡಿ ನಕ್ಕು, "ಅಜ್ಜಿ ಡಬ್ಬಿ ತುಂಬ ಒಳ್ಳೇದು," ಎಂದಳು. "ನಾಲ್ಕು ಮೊಟ್ಟೆ ಸರಿಯಾಗಿ ಹಿಡಿತದೆ. ದಿನಾ ಅದರಲ್ಲೇ ಬೇಯಿಸಿದೆ."

ರಶ್ಮಿತಾಳ ಬಾಯಿಯ ಮಂಡಕ್ಕಿ ಬಾಯಲ್ಲೇ ಉಳಿಯಿತು.

ಅವಳದು ಮ್ಯಾಸನಾಯಕರ ಹಟ್ಟಿ. ಅಲ್ಲಿ ಕುರಿ ಉಣ್ಣುತ್ತಾರೆ, ಕೋಳಿ ಮುಟ್ಟುವುದಿಲ್ಲ. ಕೋಳಿಯಾಗಲಿ ಮೊಟ್ಟೆಯಾಗಲಿ ಹಟ್ಟಿಯ ಬೇಲಿ ದಾಟಿ ಒಳಗೆ ಬರುವಂತಿಲ್ಲ. ಯಾಕೆಂದು ಕೇಳಿದರೆ ಒಬ್ಬೊಬ್ಬ ಹಿರಿಯರು ಒಂದೊಂದು ಕಥೆ ಹೇಳುತ್ತಾರೆ. ನಡೆದುಕೊಳ್ಳುವುದು ಮಾತ್ರ ಎಲ್ಲರೂ ಒಂದೇ ರೀತಿ. ಅದರ ಮೇಲೆ, ಆ ಡಬ್ಬಿ ಮುದ್ದಕ್ಕನಿಗೆ ಅವಳ ಅವ್ವ ಕೊಟ್ಟದ್ದು. ದೇವರ ದೀಪಕ್ಕೆಂದು ಮೀಸಲು ತುಪ್ಪ ತುಂಬುವುದು ಅದರಲ್ಲೇ. ಹೋಳಿಗೆ ಮೆತ್ತಗಿರಲಿ, ಮುಚ್ಚಳ ಬಿಗಿ ಐತೆ ಎಂದು ಕೊಟ್ಟು ಕಳಿಸಿದ್ದಳು. ಬರಿದಾಗಿ ಕೊಡಬಾರದು ಎಂದು ಹೇಳಿಕೊಟ್ಟ ರಶ್ಮಿತಾಗೆ ಮೊಟ್ಟೆಯ ಮಾತು ಹೇಳಬೇಕೆಂದು ಹೊಳೆದೇ ಇರಲಿಲ್ಲ. ಹಟ್ಟಿಯಲ್ಲಿ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ರಶ್ಮಿತಾ ಡಬ್ಬಿ ಕಸಿದುಕೊಂಡವಳೇ ಕಲಾಯಿ ಹಾಕುವ ದಾದಾಪೀರ್ ಸಾಹೇಬರ ಮುಂದೆ ನಿಂತಳು.

"ಅರ್ಧ ಗಂಟೆ ಬೇಟಿ. ಕನ್ನಡಿ ಮಾಡಿಕೊಡ್ತೀನಿ," ಎಂದು ಅವರು ಕೆಂಡ ಊದಿದರು.

"ಮುಂಚೆ ಇದ್ರಲ್ಲಿ ಏನಿತ್ತು ಅಂತ ಯಾರಿಗಾದ್ರೂ ತಿಳೀತೈತಾ ಸಾಹೇಬ್ರೆ?"

"ನಾನು ಕಲಾಯಿ ಹಾಕಿದ ಪಾತ್ರೆ ಬಾಯಿ ಬಿಡಲ್ಲಮ್ಮ. ನಿನ್ನ ಮುಖ ಮಾತ್ರ ಈಗಲೇ ಎಲ್ಲಾ ಹೇಳ್ತಾ ಐತೆ."

ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲೆ ಹೊಳೆಯುತ್ತಿತ್ತು. ರಶ್ಮಿತಾ ಎಲ್ಲವನ್ನೂ ನೀಮಾಗೆ ಬಿಡಿಸಿ ಹೇಳಿ, "ಅಜ್ಜಿ ಮುಂದೆ ಮೊಟ್ಟೆ ಮಾತು ಎತ್ತಬ್ಯಾಡ," ಎಂದಳು.

"ಅಜ್ಜಿಗೆ ಸುಳ್ಳು ಹೇಳೋದಾ?"

"ಸುಳ್ಳಲ್ಲ. ಹೇಳದೇ ಇರೋದು."

ನೀಮಾ ಶೇಂಗಾದ ಪೊಟ್ಟಣವನ್ನು ಎದೆಗವಚಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತಳು. ಬಿ.ಜಿ. ಕೆರೆ ದಾಟಿತು. ಬಸ್ಸು ಕೆಟ್ಟು ನಿಲ್ಲಬಾರದೇ ಎಂದು ರಶ್ಮಿತಾ ಮನೆದೇವರಿಗೆ ಕೈಮುಗಿಯಹೋದಳು. ಯಾವ ಮುಖದಿಂದ ಎಂದು ನಾಚಿ ಕೈ ಇಳಿಸಿದಳು.

ಮುದ್ದಕ್ಕ ಹಟ್ಟಿಯ ಮುಳ್ಳುಬೇಲಿಯ ಬಾಯಲ್ಲೇ ಕಾಯುತ್ತಿದ್ದಳು.

"ಬಾರವ್ವ ಬಾ. ಏನೇ ರಶ್ಮಿ, ಕಲಾಯಿನೂ ಹಾಕ್ಸೀರಾ? ಒಳ್ಳೇದಾತು, ನಾಳೆ ಸೋಮವಾರ. ಮೀಸಲು ತುಪ್ಪ ಇದಕ್ಕೇ ಹಾಕ್ತೀನಿ. ಕೊಡಿಲ್ಲಿ."

ಮುದುಕಿಯ ಕೈ ಮುಂದೆ ಬಂತು. ರಶ್ಮಿತಾ ಡಬ್ಬಿಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು.

"ತಡಿ ಅಜ್ಜಿ. ಇದ್ರಾಗೆ ಮೊಟ್ಟೆ ಬೆಂದೈತೆ."

ಗಾಳಿಗೆ ಬೇಲಿಯ ಒಣಮುಳ್ಳು ಕರಕರ ಎಂದಿತು. ಮುದ್ದಕ್ಕ ಡಬ್ಬಿಯನ್ನೂ ನೀಮಾಳನ್ನೂ ನೋಡಿದಳು.

"ಗೊತ್ತಿದ್ದು ಮಾಡಿದ್ಲಾ?"

"ಇಲ್ಲಜ್ಜಿ. ನಾನೇ ಹೇಳಿರ್ಲಿಲ್ಲ."

"ಅಂಗಾದ್ರೆ ತಪ್ಪು ನಿಂದು," ಎಂದಳು ಮುದ್ದಕ್ಕ. ಆಮೇಲೆ ಬೇಲಿ ದಾಟಿ ಹೊರಗೆ ಬಂದು, ಕಲ್ಲಿನ ಮೇಲೆ ಕೂತು, ಸೆರಗೊಡ್ಡಿದಳು. "ಕೂಸು ತಂದಿದ್ದು ಹಾಕು ಇಲ್ಲಿ."

ನೀಮಾ ಪೊಟ್ಟಣ ಬಿಚ್ಚಿ ಸುರಿದಳು. ಮುದ್ದಕ್ಕ ಒಂದು ಕಾಳು ಬಾಯಿಗೆ ಹಾಕಿಕೊಂಡು, "ಹದವಾಗಿ ಹುರಿದವ್ರೆ," ಎಂದಳು.

"ಡಬ್ಬಿ ಒಳಗೆ ಬರಂಗಿಲ್ಲವ್ವ. ನಮ್ಮವ್ವನ ಕೈ ಆಡಿದ್ದು, ಬಿಸಾಡಕ್ಕೂ ಆಗಂಗಿಲ್ಲ. ನೀನೇ ಇಟ್ಕ. ನೀನೇನೂ ಹೊರಗೆ ನಿಲ್ಬ್ಯಾಡ, ಒಳಗೆ ಬಾ, ಉಣ್ಣುವಂತೆ."

ಹಾಗೆಂದು ರಶ್ಮಿತಾಳ ಕೈಯಿಂದ ಡಬ್ಬಿ ಇಸಿದುಕೊಂಡು, ಸೆರಗಿನಿಂದ ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ ಅದಕ್ಕೆ ಹಾಕಿ, ಮುಚ್ಚಳ ಬಿಗಿ ಮಾಡಿ, ನೀಮಾಳ ಕೈಗಿಟ್ಟಳು.