ಮೀನಾಜಳ ಕೈ ನಿಂತ ಮೇಲೆ

ಕಂಪ್ಯೂಟರ್ ಕೆಟ್ಟಿದೆ ಎಂದು ಜನ ನನ್ನನ್ನು ಕರೆದಾಗ, ಬಹಳ ಸಲ ಕೆಟ್ಟಿರುವುದು ಬೇರೆಯೇ ಏನೋ ಆಗಿರುತ್ತದೆ. ತಂತಿ ಸಡಿಲಾಗಿರುತ್ತದೆ, ಇಲ್ಲವೇ ಮನೆಯವರಲ್ಲೇ ಯಾರೋ ಏನನ್ನೋ ಒತ್ತಿರುತ್ತಾರೆ, ಒತ್ತಿದವರು ಸುತಾರಾಂ ಒಪ್ಪುವುದಿಲ್ಲ. ಬಸವಕಲ್ಯಾಣದಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡು ನನ್ನ ತಲೆ ನರೆತದ್ದೇ ಇಂಥವರಿಂದ. ಹಾಗಾಗಿ ಮೀನಾಜ್ ಫೋನ್ ಮಾಡಿ, "ದೇವಿದಾಸ ಅಣ್ಣಾ, ನಾ ಕೈ ನಿಲ್ಲಿಸಿದ್ರೂ ಮೌಸ್ ನಿಲ್ಲಂಗಿಲ್ರಿ" ಅಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹೋದ ವಾರವಷ್ಟೇ ನಾನೇ ಖುದ್ದಾಗಿ ಕೂತು ಅದನ್ನು ಸರಿ ಮಾಡಿ ಬಂದಿದ್ದೆ.

ಮೀನಾಜ್ ನಮ್ಮ ಓಣಿಯ ಮುನ್ನಿ ಬೀ ಅವರ ಮಗಳು. ಹುಮನಾಬಾದಿಗೆ ಕೊಟ್ಟಿದ್ದರು. ಗಂಡ ಸರ್ಫರಾಜನದು ಅಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಬಟ್ಟೆಯ ಮೇಲೆ ಬರಬೇಕಾದ ಬಳ್ಳಿ, ಹೂವು, ಎಲೆಗಳನ್ನು ಪರದೆಯ ಮೇಲೆ ಬಿಡಿಸುವವಳು ಇವಳು, ಯಂತ್ರ ಓಡಿಸಿ ಹೊಲಿಸುವವನು ಅವನು. ಒಂದು ಚಾಳಿ ಬಿಟ್ಟರೆ ಜೋಡಿ ಚೆನ್ನಾಗಿಯೇ ಇತ್ತು. ಇವಳು ಬಿಡಿಸಿಟ್ಟು ಎದ್ದ ಮೇಲೆ ಅವನು ಬಂದು ಕೂತು, ಒಂದು ಮಾತು ಕೇಳದೆ, ಒಂದು ಎಲೆಯನ್ನು ಇತ್ತ ಎಳೆದು ಒಂದು ಹೂವನ್ನು ಅತ್ತ ತಳ್ಳುತ್ತಿದ್ದ. ಯಾಕೆ ಎಂದು ಕೇಳಿದರೆ, ಸ್ವಲ್ಪ ಸರಿ ಮಾಡಿದೆ ಅನ್ನುತ್ತಿದ್ದ. ಹಾಗೆ ಸರಿ ಮಾಡಲು ಹೋಗಿ ಒಬ್ಬ ಮದುಮಗಳ ದುಪಟ್ಟಾದ ಅಂಚೇ ಸೊಟ್ಟಗಾಯಿತು. ಹುಡುಗಿಯ ಕಡೆಯವರು ಅಂಗಡಿಗೆ ಬಂದು ಕೂಗಾಡಿದಾಗ, ಬಿಡಿಸಿದವಳು ಇವಳು ಎಂದು ಹೆಂಡತಿಯ ಕಡೆ ಕೈ ತೋರಿಸಿದ. ಮರುದಿನ ಮೀನಾಜ್ ಬಸ್ಸು ಹತ್ತಿ ತವರಿಗೆ ಬಂದಳು.

ಸಂಸಾರ ನಿಂತರೂ ಕೆಲಸ ನಿಲ್ಲುವಂತಿರಲಿಲ್ಲ, ಒಪ್ಪಿಕೊಂಡ ಮದುವೆ ಬಟ್ಟೆಗಳಿದ್ದವು. ಡಿಜೈನಿನ ಸಾಫ್ಟ್‌ವೇರ್ ಹುಮನಾಬಾದಿನ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತದೆ. ಅದಕ್ಕೆ ನಾನು ಮುನ್ನಿ ಬೀ ಅವರ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟು, ಅಲ್ಲಿನ ಪರದೆಯನ್ನು ಇಲ್ಲಿ ತೋರಿಸುವ ಸಾಫ್ಟ್‌ವೇರ್ ಹಾಕಿಕೊಟ್ಟೆ. ಇವಳು ಇಲ್ಲಿ ಮೌಸ್ ಆಡಿಸಿದರೆ ಅಲ್ಲಿ ಮೌಸಿನ ಬಾಣ ಓಡಾಡುತ್ತದೆ, ಎಲೆ ಮೂಡುತ್ತದೆ. ಗಂಡ ಹೆಂಡತಿ ಮಾತು ಬಿಟ್ಟಿದ್ದರು, ಬಳ್ಳಿಗಳು ಮಾತ್ರ ಹೊಲಿಗೆಯಾಗುತ್ತಿದ್ದವು.

ಮೌಸಿನ ಸುದ್ದಿಯನ್ನು ಆ ಕಡೆಗೆ ಮುಟ್ಟಿಸಲು ಎರಡು ದಾರಿಗಳಿವೆ. ಒಂದು, ಬಾಣ ಪರದೆಯ ಇಂಥ ಜಾಗದಲ್ಲಿರಲಿ ಎಂದು ಹುಕುಂ ಮಾಡುವುದು. ಇನ್ನೊಂದು, ಎಲ್ಲೇ ಇರಲಿ, ಇದ್ದಲ್ಲಿಂದ ಬಲಕ್ಕೆ ಇಷ್ಟು, ಕೆಳಕ್ಕೆ ಇಷ್ಟು ಸರಿಯಲಿ ಎಂದು ಹೇಳುವುದು. ಮೊದಲು ಹುಕುಂ ದಾರಿಯೇ ಇತ್ತು. ಆದರೆ ಇಲ್ಲಿನ ಪರದೆ ಚಿಕ್ಕದು, ಅಲ್ಲಿನದು ದೊಡ್ಡದು, ಬಾಣ ಅವಳು ನೋಡಿದ ಜಾಗಕ್ಕಿಂತ ಪಕ್ಕದಲ್ಲಿ ಹೋಗಿ ಕೂರುತ್ತಿತ್ತು. ಹೋದ ವಾರ ನಾನು ಎರಡನೆಯದಕ್ಕೆ ಬದಲಿಸಿದೆ. ನಾನು ಆಡಿಸಿ ತೋರಿಸಿದಾಗ ಹೊಗಳಿದ್ದಳು. ಆಮೇಲೆ ಈ ದೂರು.

ನಾನು ಹೋದಾಗ ಅವಳ ಮುಖ ಸಪ್ಪಗಿತ್ತು. ಎಲೆಯ ಅಂಚು ಬಿಡಿಸಿ ತುದಿಯಲ್ಲಿ ಕೈ ನಿಲ್ಲಿಸಿದರೆ ಬಾಣ ಅದೇ ದಿಕ್ಕಿನಲ್ಲಿ ಇನ್ನಷ್ಟು ದೂರ ಹೋಗಿ ನಿಲ್ಲುತ್ತದಂತೆ. ನಾನು ಕೂತು ಆಡಿಸಿ ನೋಡಿದೆ. ಗುಂಡಗೆ ಗೀಚಿದೆ, ಉದ್ದಕ್ಕೆ ಎಳೆದೆ. ಕೂದಲೆಳೆಯಷ್ಟೂ ತಪ್ಪಲಿಲ್ಲ. ಅವಳು ಕೂತಳು, ಬಾಣ ಮತ್ತೆ ಮುಂದಕ್ಕೆ ಹೋಯಿತು. ನಾನು ಕೂತೆ, ಸರಿಯಾಯಿತು. ಇದು ದೃಷ್ಟಿಯೇ ಎಂದು ಮುನ್ನಿ ಬೀ ಉಪ್ಪು ಮೆಣಸಿನಕಾಯಿ ತರಲು ಎದ್ದರು. ನನಗೆ ರೇಗಿತು. ಯಂತ್ರಕ್ಕೆ ಯಾರ ಕೈ ಎಂದು ಹೇಗೆ ಗೊತ್ತಾಗಬೇಕು? ಅದಕ್ಕೆ ದೇವಿದಾಸನೂ ಒಂದೇ, ಮೀನಾಜಳೂ ಒಂದೇ.

ಹಾಗೆ ಅಂದುಕೊಂಡ ಮೇಲೆ ತಲೆಯೊಳಗೆ ಇನ್ನೊಂದು ಯೋಚನೆ ಬಂತು. ಅವಳಿಗೆ ಒಂದು ಉದ್ದನೆಯ ದೇಟು ಎಳೆಯಲು ಹೇಳಿದೆ. ಅವಳು ಅರ್ಧ ಎಳೆದಾಗ ಹೇಳದೆ ಕೇಳದೆ ಮೌಸಿನ ತಂತಿ ಕಿತ್ತೆ. ಬಾಣ ಒಂದು ಹೆಬ್ಬೆರಳಗಲ ಮುಂದೆ ನಡೆದು, ಆಮೇಲೆ ನಿಂತಿತು. ತಂತಿ ನನ್ನ ಕೈಯಲ್ಲಿತ್ತು.

ಹುಮನಾಬಾದಿನ ಯಂತ್ರವನ್ನು ಒಮ್ಮೆ ನೋಡಿ ಬರಬೇಕು ಅಂದೆ. ಆದರೆ ಅವಳು ದಡ್ಡಿಯಲ್ಲ.

"ಅಲ್ಲಿ ಅವರ ಕೈ ಅದ ಏನ್ರಿ ಅಣ್ಣಾ?"

ಇರಬಹುದು ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಶುಕ್ರವಾರ ನಮಾಜಾದ ಮೇಲೆ ಎರಡೂ ಮನೆಯ ಹಿರಿಯರು ಕೂಡುವವರಿದ್ದರು. ಖುಲಾ ಬೇಕೋ ಬೇಡವೋ, ಅಂದರೆ ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ ಬೇಕೋ ಬೇಡವೋ ಎಂದು ಅವಳು ಅಂದು ಹೇಳಬೇಕಿತ್ತು. ಈ ಗಳಿಗೆಯವರೆಗೆ ಅವಳು ಎರಡು ಮನಸ್ಸಿನಲ್ಲಿದ್ದಳು.

"ನಾ ಇಷ್ಟು ದೂರ ಬಂದು ಕುಂತ್ರೂ ನನ್ನ ಎಲೆ ಅವರೇ ತಿದ್ದಾಕತ್ತಿದ್ರ," ಅಂದಳು, "ಶುಕ್ರವಾರ ನನ್ನ ಮಾತು ಒಂದೇ ಅದ."

ಬಿಚ್ಚಿದ ತಂತಿಯನ್ನು ಮತ್ತೆ ಸಿಕ್ಕಿಸಿ ನಾನು ಎದ್ದು ಬಂದೆ. ಮೌಸ್ ರಿಪೇರಿಗೆ ಹೋದವನಿಗೆ ಒಂದು ಸಂಸಾರ ಮುರಿಯುವ ಕೆಲಸ ಯಾಕೆ ಬೇಕಿತ್ತು? ನನ್ನ ಹೆಂಡತಿ ದ್ರೌಪತಿಗೆ ಹೇಳಿದರೆ, ಅವರ ಮನೆ ವಿಷಯದಲ್ಲಿ ನೀವು ತಲೆ ಹಾಕಬೇಡಿ ಅಂದಳು. ತಲೆ ಹಾಕಿಯಾಗಿತ್ತು.

ಮರುದಿನ ಗುರುವಾರ ಬೆಳಿಗ್ಗೆ, ಎಂದಿನಂತೆ ಕೆಲಸಕ್ಕೆ ಕೂರು ಎಂದು ಮೀನಾಜಳಿಗೆ ಹೇಳಿ ಹುಮನಾಬಾದಿನ ಬಸ್ಸು ಹತ್ತಿದೆ. ಸರ್ಫರಾಜನಿಗೆ ಸುಳಿವು ಕೊಡಲಿಲ್ಲ. ದಾರಿಯುದ್ದಕ್ಕೂ ಅವನಿಗೆ ಬೈಯಬೇಕಾದ ಬೈಗಳನ್ನು ಜೋಡಿಸಿಕೊಂಡೆ, ಚಲೋ ಚಲೋ ಬೈಗಳೇ ಸಿಕ್ಕಿದ್ದವು.

ಅಂಗಡಿಯಲ್ಲಿ ಹೊಲಿಗೆ ಯಂತ್ರ ದಡದಡ ಓಡುತ್ತಿತ್ತು, ನಾನು ಒಳಗೆ ಬಂದದ್ದು ಅವನಿಗೆ ಕೇಳಿಸಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಪರದೆಯ ಮೇಲೆ ಮೀನಾಜಳ ಬಾಣ ಒಂದು ಎಲೆಯ ಸುತ್ತ ನಿಧಾನ ಹೊರಳುತ್ತಿತ್ತು. ಅವನ ಬಲಗೈ ಮೌಸಿನ ಮೇಲಿತ್ತು. ಬಾಣ ಎತ್ತ ಹೋದರೆ ಅತ್ತ, ಒಂದು ಗಳಿಗೆ ಹಿಂದೆ, ಅವನೂ ಮೌಸ್ ಸರಿಸುತ್ತಿದ್ದ. ಗುಂಡಿ ಒತ್ತುತ್ತಿರಲಿಲ್ಲ, ಏನನ್ನೂ ತಿದ್ದುತ್ತಿರಲಿಲ್ಲ. ಓದಲು ಕಲಿಯುವ ಮಗು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೋಗುತ್ತದಲ್ಲ, ಹಾಗೆ. ಜೋಡಿಸಿಕೊಂಡು ಬಂದ ಬೈಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ಹೆಗಲು ಮುಟ್ಟಿದಾಗ ಬೆಚ್ಚಿ ಕೈ ತೆಗೆದ. ಕಳವು ಮಾಡುವಾಗ ಸಿಕ್ಕವನ ಮುಖ ಅವನದು.

"ನಾ ಏನೂ ತಿದ್ದಿಲ್ರಿ," ಅಂದ. "ಅಕಿ ಕೈ ಹ್ಯಾಂಗ ಹೋಗ್ತದ ಅಂತ ಕಲಿಯಾಕತ್ತೇನಿ. ಇಷ್ಟು ವರ್ಷ ತಿದ್ದಿದ್ದೇ ಆತು, ಒಂದಿನಾ ನೋಡಿಲ್ಲ."

ಅವಳು ಹೋದ ಮೇಲೆ ತಾನೇ ಒಂದು ಬಳ್ಳಿ ಬಿಡಿಸಲು ಕೂತನಂತೆ, ಒಂದೂ ನೆಟ್ಟಗೆ ಬರಲಿಲ್ಲವಂತೆ. ಅಂದಿನಿಂದ ಅವಳು ಕೆಲಸಕ್ಕೆ ಕೂತಾಗಲೆಲ್ಲ ಇವನೂ ಕೂರುತ್ತಾನೆ. ನಿನ್ನೆ ಯಾರೋ ಸುಮ್ಮನೆ ಗುಂಡಗೆ ಗೀಚುತ್ತಿದ್ದರು, ಅದು ಅವಳ ಕೈಯಲ್ಲ ಎಂದು ಗೊತ್ತಾಗಿ ತಾನು ಮೌಸ್ ಮುಟ್ಟಲಿಲ್ಲ ಅಂದ. ಆ ಯಾರೋ ನಾನು ಎಂದು ನಾನು ಹೇಳಲಿಲ್ಲ.

ಅವಳು ಆ ಕಡೆಯಿಂದ ಆಡಿಸುವಾಗ ತನ್ನ ಮೌಸ್ ನಡೆಯುವುದಿಲ್ಲ ಎಂದೇ ಅವನು ನಂಬಿದ್ದ. ನಂಬಿಕೆ ತಪ್ಪೇನಲ್ಲ, ಹೋದ ವಾರದವರೆಗೆ ಹಾಗೇ ಇತ್ತು. ಹುಕುಂ ದಾರಿಯಲ್ಲಿ ಇವನು ಎಷ್ಟು ಸರಿಸಿದರೂ ಅವಳ ಮುಂದಿನ ಹುಕುಂ ಬಂದು ಬಾಣವನ್ನು ತನ್ನ ಜಾಗಕ್ಕೆ ಎಳೆದು ಕೂರಿಸುತ್ತಿತ್ತು. ಈಗ ಇಬ್ಬರ ಮೌಸೂ ಇದ್ದಲ್ಲಿಂದ ಇಷ್ಟು ಸರಿಯಲಿ ಎಂದೇ ಹೇಳುತ್ತವೆ. ಅವಳ ಇಷ್ಟಕ್ಕೆ ಇವನ ಇಷ್ಟು ಕೂಡಿಕೊಂಡು ಎಲೆಯ ತುದಿ ದಾಟಿ ಹೋಗುತ್ತಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ, ಅವನಲ್ಲೂ ಇರಲಿಲ್ಲ. ಬದಲಿಸಿದವನು ನಾನು, ಅದರ ಪರಿಣಾಮ ಅವರಿಬ್ಬರ ಮೇಲೆ ಆಗಿತ್ತು.

ಮೀನಾಜಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ, ನನ್ನ ಪಾಲಿನದನ್ನೂ ಸೇರಿಸಿ. ಸರ್ಫರಾಜ್ ಹೊಲಿಗೆ ಯಂತ್ರ ನಿಲ್ಲಿಸಿ ಬಂದು ನಿಂತ.

ಮೊದಲು ಅವರ ಕೈ ತೆಗೆಯಲು ಹೇಳಿ ಅಂದಳು, ನನಗೆ. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡ. ಪರದೆಯ ಮೇಲೆ ಒಂದು ಎಲೆ ಮೂಡಿತು, ತುದಿ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಹೊರಡಲು ಚೀಲ ತೆಗೆದುಕೊಂಡಾಗ ಸರ್ಫರಾಜ್ ಫೋನಿನ ಹತ್ತಿರ ಬಗ್ಗಿದ. ಮುಂದೆ ಅವರಿಬ್ಬರು ಆಡಿದ್ದು ಅವರ ಮನೆಮಾತಿನಲ್ಲಿ, ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ.

"ಮುಂದಿನ ಎಲೆ ನಾ ಹಾಕ್ಲಾ?"

ಇಷ್ಟು ವರ್ಷಗಳಲ್ಲಿ ಅವನು ಕೇಳಿದ್ದು ಅದೇ ಮೊದಲ ಸಲ ಇರಬೇಕು. ಅವಳ ಬಾಣ ದೇಟಿನ ಉದ್ದಕ್ಕೆ ಮೆಲ್ಲಗೆ ಜಾರಿ, ಎಲೆ ಹುಟ್ಟಬೇಕಾದ ಗೆಣ್ಣಿನ ಮೇಲೆ ಬಂದು ನಿಂತಿತು. ಅಲ್ಲಿಂದ ಅಲುಗಲಿಲ್ಲ. ಅವನು ಕುರ್ಚಿ ಎಳೆದು ಕೂತ.

ಎಲೆ ಬಂತು. ಎಲೆಯೆಂದು ನಾವು ಅನ್ನಬೇಕು ಅಷ್ಟೇ, ಒಂದು ಮಗ್ಗುಲು ಊದಿ ಇನ್ನೊಂದು ಮಗ್ಗುಲು ಬತ್ತಿತ್ತು. ಅವನ ಕುತ್ತಿಗೆ ಬೆವರಿತ್ತು. ಈಗ ಬಾಣ ಮತ್ತೆ ಅಲುಗುತ್ತದೆ, ಅವಳು ಒಂದೇ ಏಟಿಗೆ ಅದನ್ನು ತಿದ್ದಿ ಬಿಸಾಡುತ್ತಾಳೆ ಎಂದು ನಾನು ಕಾದೆ. ಅವಳಿಗೆ ಅದು ಚಿಟಿಕೆ ಹೊಡೆಯುವಷ್ಟರ ಕೆಲಸ. ಅವನೂ ಅದನ್ನೇ ಕಾಯುತ್ತಿದ್ದ, ಮೌಸ್ ಬಿಟ್ಟು ಹಿಂದಕ್ಕೆ ಸರಿದಿದ್ದ.

"ಅಳಿಸಿ ಮತ್ತ ಹಾಕ್ರಿ," ಅಂದಳು. "ನಾ ಮುಟ್ಟಂಗಿಲ್ಲ."

ಅವನು ಅಳಿಸಿದ. ಮತ್ತೆ ಹಾಕಿದ. ಮತ್ತೆ ಅಳಿಸಿದ. ಫೋನಿನಲ್ಲಿ ಹಿಂದುಗಡೆಯಿಂದ ಮುನ್ನಿ ಬೀ ಅವರ ದನಿ ಕೇಳಿತು. ಹಿರಿಯರ ಕಡೆಯವರು ಬಂದು ಬಾಗಿಲಲ್ಲಿ ನಿಂತಿದ್ದಾರೆ, ನಾಳೆಗೆ ಏನು ಹೇಳಿ ಕಳಿಸಲಿ ಎಂದು ಕೇಳುತ್ತಿದ್ದರು. ಸರ್ಫರಾಜನ ಕೈ ಮೌಸಿನ ಮೇಲೆ ಹಾಗೇ ನಿಂತಿತು.

"ನಾಳೆ ನನಗ ಪುರಸೊತ್ತಿಲ್ಲ ಅಂತ ಹೇಳು ಅಮ್ಮೀ," ಅಂದಳು ಮೀನಾಜ್. "ಇವರದು ಇನ್ನೂ ಒಂದು ಎಲೆ ಆಗಿಲ್ಲ."