ಮೊಣಕಾಲಿನ ಕೆಳಗಿನ ಗೋಡೆ

ಚಿಕ್ಕಂದಿನಲ್ಲಿ ಒಂದು ಕಡೆ ಕೂತವಳಲ್ಲವೆಂದು ತಾತ ಅವಳನ್ನು ಬುಗುರಿ ಎಂದು ಕರೆಯುತ್ತಿದ್ದ. ಈಗ ಪಿಎಚ್‌ಡಿ ಮಾಡುವಷ್ಟು ದೊಡ್ಡವಳಾದರೂ ಮನೆಯವರ ಬಾಯಲ್ಲಿ ಅವಳು ಬುಗುರಿಯೇ. ವ್ಯತ್ಯಾಸ ಇಷ್ಟೆ: ಆಗ ಕೂರಲು ಮನಸ್ಸಿರಲಿಲ್ಲ, ಈಗ ಕೂರಲು ಬೆನ್ನು ಬಿಡುತ್ತಿರಲಿಲ್ಲ. ಸೊಂಟದ ಕೀಲುಗಳಲ್ಲಿ ಉರಿಯೂತ. ಸ್ವಲ್ಪ ಹೊತ್ತು ಕೂತರೆ ಬೆನ್ನಿನ ಬುಡಕ್ಕೆ ಬೀಗ ಜಡಿದಂತಾಗುತ್ತಿತ್ತು. ಬಗ್ಗಿದರೆ ಕಣ್ಣು ಕತ್ತಲಿಡುತ್ತಿತ್ತು. ಅಡ್ಡಾಡಿದರೆ ತುಸು ಸಡಿಲ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿದರೆ ಇನ್ನೂ ತುಸು. ನೋಡುವವರಿಗೆ ಮಾತ್ರ ಏನೂ ಕಾಣದು. ಕೆನ್ನೆ ತುಂಬಿಕೊಂಡು ಚೆನ್ನಾಗಿಯೇ ಇದ್ದಾಳಲ್ಲ ಎಂದು ನೆಂಟರು ಅನ್ನುತ್ತಿದ್ದರು, ಅದೇನೋ ಅವಳ ತಪ್ಪು ಎಂಬಂತೆ.

ಬೇರೆ ಊರಿನಲ್ಲಿ ನಡೆಯುವ ಸಂಶೋಧಕರ ಸಮ್ಮೇಳನಕ್ಕೆ ಹೊರಡುವ ದಿನ ಅಕ್ಕ ಅವಳ ಚೀಲ ತುಂಬುತ್ತಿದ್ದಳು. ಅಕ್ಕ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಮಾತ್ರೆ, ಮುಲಾಮು, ಬಿಸಿನೀರಿನ ಚೀಲ ಎಲ್ಲವನ್ನೂ ಬಟ್ಟೆಗಿಂತ ಮೊದಲು ಇಟ್ಟಳು. ಕೊನೆಗೆ ಮಡಚುವ ಕೋಲನ್ನು ಕೈಗೆತ್ತಿಕೊಂಡಳು.

"ಇದೂ ಇರ್ಲಿ."

"ಬೇಡ. ಕೋಲು ಹಿಡ್ಕೊಂಡ್ರೆ ಎಲ್ರೂ ನನ್ನ ಕೆಲಸ ಬಿಟ್ಟು ಕೋಲಿನ ಬಗ್ಗೆ ಕೇಳ್ತಾರೆ."

"ಹಿಡ್ಕೊಳ್ದಿದ್ರೆ ಕುರ್ಚಿ ಯಾರೇ ಬಿಟ್ಕೊಡ್ತಾರೆ ನಿಂಗೆ?"

"ಕುರ್ಚಿ ಯಾರಿಗೆ ಬೇಕಕ್ಕಾ? ನಂಗೆ ಬೇಕಾಗಿರೋದು ನೆಲ."

ಅಕ್ಕ ನಗಲಿಲ್ಲ. ಕೋಲನ್ನು ಚೀಲದ ತಳಕ್ಕೆ ತುರುಕಿ, ಮೇಲೆ ಟವೆಲು ಮುಚ್ಚಿದಳು.

ಬುಗುರಿಯ ಕೆಲಸ ಕಲ್ಲುಹೂವಿನ ಮೇಲೆ. ಹಳೆಯ ಗೋಡೆಗಳಿಗೆ ಬೂದು, ಹಳದಿ ಮಚ್ಚೆಗಳಂತೆ ಅಂಟಿಕೊಂಡಿರುವ, ಜನ ಪಾಚಿಯೆಂದುಕೊಂಡು ದಾಟಿಹೋಗುವ ಜೀವ ಅದು. ಗಾಳಿ ಕೆಟ್ಟ ಕಡೆ ಕೆಲವು ಜಾತಿ ಸಾಯುತ್ತವೆ, ಕೆಲವು ಕೊಬ್ಬುತ್ತವೆ. ಯಾವ ಗೋಡೆಯ ಮೇಲೆ ಯಾವುದಿದೆ ಎಂದು ನೋಡಿದರೆ ಆ ರಸ್ತೆಯ ಉಸಿರು ಹೇಗಿದೆಯೆಂದು ಹೇಳಬಹುದು ಎಂಬುದು ಅವಳ ವಾದ. ಬಸ್ ನಿಲ್ದಾಣ, ಆಸ್ಪತ್ರೆ, ಶಾಲೆ, ಗೋದಾಮು, ಹೀಗೆ ಊರಿನ ಗೋಡೆಗಳನ್ನೆಲ್ಲ ಅವಳು ಭೂತಗನ್ನಡಿ ಹಿಡಿದು ಸವರಿ ಬಂದಿದ್ದಳು. ಎದೆಯ ಮಟ್ಟದಿಂದ ಮೊಣಕಾಲಿನ ಮಟ್ಟದವರೆಗೆ. ಅದಕ್ಕಿಂತ ಕೆಳಗಲ್ಲ. ಅದಕ್ಕಿಂತ ಕೆಳಗೆ ಬಗ್ಗಲು ಅವಳ ಕೈಲಿ ಆಗುತ್ತಿರಲಿಲ್ಲ.

ಇದನ್ನು ಅವಳು ಸಮ್ಮೇಳನದ ಪ್ರಬಂಧದಲ್ಲಿ ಬರೆದೂ ಇದ್ದಳು, ಒಂದೇ ಒಂದು ಸಾಲು: "ಸಂಶೋಧಕಿಯ ದೈಹಿಕ ಮಿತಿಯಿಂದ ಮೊಣಕಾಲಿಗಿಂತ ಕೆಳಗಿನ ಭಾಗವನ್ನು ಪರೀಕ್ಷಿಸಿಲ್ಲ." ಗೈಡ್ ಮೇಡಂ ಕೆಂಪು ಪೆನ್ನಿನಿಂದ ಅದನ್ನು ಹೊಡೆದುಹಾಕಿದ್ದರು. "ಇದೆಲ್ಲ ಯಾಕೆ? ಅನುಕಂಪ ಕೇಳಿದ ಹಾಗಿರುತ್ತೆ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ." ಬುಗುರಿ ತಲೆಯಾಡಿಸಿ ಬಂದಿದ್ದಳು. ಆದರೆ ಆ ಸಾಲು ಅಂದಿನಿಂದ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಅವಳನ್ನು ಕಾಡುತ್ತಲೇ ಇತ್ತು.

ಹೊರಟವರು ಮೂವರು. ಅವಳು, ಗೈಡ್ ಮೇಡಂ, ಮತ್ತು ಅದೇ ಪ್ರಯೋಗಾಲಯದ ಸಹಪಾಠಿ. ಏನು ಕೇಳಿದರೂ "ಸಾವಕಾಶ ಮಾಡೋಣ" ಅನ್ನುತ್ತಿದ್ದ ಅವನಿಗೆ ಸಾವಕಾಶ ಎಂದೇ ಹೆಸರು ಬಿದ್ದಿತ್ತು. ರೈಲಿನಲ್ಲಿ ಅವರಿಬ್ಬರೂ ನಿದ್ದೆ ಹೊಡೆದರೆ ಬುಗುರಿ ಬೋಗಿಯ ಈ ತುದಿಯಿಂದ ಆ ತುದಿಗೆ ನಡೆದದ್ದೇ ನಡೆದದ್ದು. ಒಬ್ಬ ಪ್ರಯಾಣಿಕ ಕೇಳಿಯೇ ಬಿಟ್ಟ: "ಏನಮ್ಮಾ, ಏನಾದ್ರೂ ಕಳ್ಕೊಂಡ್ರಾ?"

ನೆಲಮಹಡಿಯ ಹಾಲನ್ನೇ ಕೊಡುತ್ತೇವೆ ಎಂದು ಸಮ್ಮೇಳನದವರು ಫೋನಿನಲ್ಲಿ ಒಪ್ಪಿದ್ದರು. ಹೋಗಿ ನೋಡಿದರೆ ಎಲ್ಲ ಎರಡನೇ ಮಹಡಿಯಲ್ಲಿ.

"ಕೆಳಗಿನ ಪ್ರೊಜೆಕ್ಟರ್ ಕೈಕೊಡ್ತು," ಎಂದ ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡಿದ್ದ ಸಂಚಾಲಕ.

"ಲಿಫ್ಟ್ ಇದೆಯಾ?"

"ಇದೆ, ಆದ್ರೆ ಅದ್ರಲ್ಲಿ ಊಟದ ಪಾತ್ರೆ ಹೋಗ್ತಿದೆ. ಯಾರಿಗೆ ಬೇಕಿತ್ತು?"

"ನಂಗೆ."

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆ ನೋಟ ಅವಳಿಗೆ ಹೊಸದಲ್ಲ. ಕೋಲು ಚೀಲದ ತಳದಲ್ಲಿದ್ದದ್ದಕ್ಕೆ ಒಂದು ಕ್ಷಣ ತನ್ನನ್ನೇ ಬೈದುಕೊಂಡಳು. ಕೋಲಿದ್ದರೆ ಮಾತ್ರ ನಂಬುವವನಿಗಾಗಿ ಕೋಲು ಹಿಡಿಯಬೇಕೇ ಎಂದು ಮರುಕ್ಷಣ ಅವನನ್ನೂ ಬೈದಳು. ಅನ್ನದ ಡಬರಿಗಳ ನಡುವೆ, ಹಬೆಗೆ ಕನ್ನಡಕ ಮಂಜಾಗಿ, ಅವಳು ಮೇಲೆ ಹೋದಳು.

ಉದ್ಘಾಟನೆ, ಸ್ವಾಗತ, ಹಾರ, ಮತ್ತೆ ಸ್ವಾಗತ. ಬುಗುರಿ ಕುರ್ಚಿಯಲ್ಲಿ ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ತುದಿಗೆ ಸರಿದಳು. ಪಕ್ಕದಲ್ಲಿದ್ದಾಕೆ ಸಿಡಿಮಿಡಿಗೊಂಡು ಜಾಗ ಬದಲಿಸಿದಳು. ಪ್ರಧಾನ ಉಪನ್ಯಾಸ ಕೊಡಲು ಎದ್ದವರು ಕಲ್ಲುಹೂವಿನ ವಿಷಯದಲ್ಲಿ ತಲೆ ನರೆತ ವಿಜ್ಞಾನಿ. ಅವರ ಮಾತು ಕೇಳಲೆಂದೇ ಅವಳು ಇಷ್ಟು ದೂರ ಬಂದದ್ದು. ಅವರು ಮಾತು ಶುರು ಮಾಡುವ ಹೊತ್ತಿಗೆ ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂತಾಗುತ್ತಿತ್ತು. ಎದ್ದು ಹೊರಗೆ ಹೋದರೆ ಮಾತು ತಪ್ಪುತ್ತದೆ. ಅವಳು ಮೆಲ್ಲಗೆ ಕೊನೆಯ ಸಾಲಿನ ಹಿಂದೆ ಸರಿದು, ದುಪಟ್ಟಾ ಹಾಸಿ, ನೆಲದ ಮೇಲೆ ಅಂಗಾತ ಮಲಗಿದಳು. ಆಹಾ ಎನ್ನುವಂಥ ಸುಖವೇನಲ್ಲ, ಆದರೆ ತಂತಿ ಸಡಿಲಾಯಿತು. ಕಿವಿ ತೆರೆಯಿತು. ಮಳೆನೀರು ಚಿಮ್ಮುವ ಜಾಗದಲ್ಲಿ ಬೆಳೆಯುವ ಜಾತಿಗಳ ಬಗ್ಗೆ ಅವರು ಹೇಳುತ್ತಿದ್ದುದು ಒಂದೊಂದು ಶಬ್ದವೂ ಕೇಳಿಸಿತು.

"ಅಯ್ಯೋ, ಯಾರೋ ಬಿದ್ದಿದ್ದಾರೆ," ಎಂದಿತು ಒಂದು ದನಿ.

ಅಷ್ಟೇ ಸಾಕಾಯಿತು. ಕುರ್ಚಿಗಳು ಕಿರ್‍ರೆಂದವು. ಯಾರೋ ನೀರು ಚಿಮುಕಿಸಿದರು, ಯಾರೋ ಕಾಲೆತ್ತಿ ಹಿಡಿದರು, ಅದೂ ನೋಯುವ ಕಾಲನ್ನೇ. ವೇದಿಕೆಯ ಮೇಲೆ ಮಾತು ನಿಂತಿತು.

"ನಂಗೇನೂ ಆಗಿಲ್ಲ," ಎಂದಳು ಬುಗುರಿ, ಮುಖದ ನೀರು ಒರೆಸಿಕೊಳ್ಳುತ್ತ. "ಮಲಗಿಕೊಂಡು ಕೇಳ್ತಾ ಇದ್ದೆ. ಕೂತ್ರೆ ಬೆನ್ನು ನೋಯುತ್ತೆ. ದಯವಿಟ್ಟು ಕಾಲು ಬಿಡಿ."

ಯಾರೋ ಕಿಸಕ್ಕೆಂದರು. ಹಿರಿಯ ವಿಜ್ಞಾನಿ ಮೈಕಿನಲ್ಲಿ ಗಂಟಲು ಸರಿಮಾಡಿಕೊಂಡು, "ನನ್ನ ಮಾತು ಕೇಳಿ ಕೂತಲ್ಲೇ ನಿದ್ದೆ ಮಾಡೋರನ್ನ ನೋಡಿದ್ದೀನಿ. ಹಾಸ್ಕೊಂಡು ಮಲಗಿದವರು ಇವರೇ ಮೊದಲು," ಎಂದರು. ಹಾಲೆಲ್ಲ ನಕ್ಕಿತು. ಬುಗುರಿಯೂ ನಕ್ಕಳು, ಬೇರೆ ದಾರಿ ಇರಲಿಲ್ಲ. ಗೈಡ್ ಮೇಡಂ ಮಾತ್ರ ಮುಂದಿನ ಸಾಲಿನಿಂದ ತಿರುಗಿ ನೋಡಲೇ ಇಲ್ಲ.

ಊಟದ ಹೊತ್ತಿಗೆ ಮೇಡಂ ಅವಳನ್ನು ಕಿಟಕಿಯ ಬಳಿ ಕರೆದರು.

"ನಾಳೆ ಬೆಳಗ್ಗೆ ನಿನ್ನ ಮಾತು. ನಿಂಗೆ ಬೆಳಗ್ಗೇನೇ ನೋವು ಜಾಸ್ತಿ ಅಲ್ವಾ? ಸಾವಕಾಶನೇ ಓದ್ಲಿ. ನೀನು ರೂಮಲ್ಲಿ ಆರಾಮಾಗಿರು."

"ಕೆಲಸ ನಂದಲ್ವಾ ಮೇಡಂ?"

"ಹೆಸರು ನಿಂದೇ ಇರುತ್ತೆ. ಇವತ್ತು ಆದ ಹಾಗೆ ನಾಳೆ ವೇದಿಕೆ ಮೇಲೆ ಆದ್ರೆ ಜನ ನೆನಪಿಟ್ಕೊಳ್ಳೋದು ಅದನ್ನೇ."

ಬುಗುರಿ ತಟ್ಟೆ ಹಿಡಿದು ನಿಲ್ಲಲೂ ಆಗದೆ, ಕೂರಲೂ ಆಗದೆ, ಕಾರಿಡಾರಿನುದ್ದಕ್ಕೂ ಓಡಾಡುತ್ತಲೇ ಉಂಡಳು. ಹಿಂದೆಯೇ ಬಂದ ಸಾವಕಾಶ ಮೆಲ್ಲಗೆ ಹೇಳಿದ: "ನಾನು ಓದಲ್ಲ ಅಂದೆ ಮೇಡಂಗೆ. ಯಾರಾದ್ರೂ ಪ್ರಶ್ನೆ ಕೇಳಿದ್ರೆ ನಾನು ಉತ್ತರ ಕೊಡೋ ಹೊತ್ತಿಗೆ ಮುಂದಿನ ಸಮ್ಮೇಳನ ಬಂದಿರುತ್ತೆ."

ಮರುದಿನ ಅವಳು ಹೊತ್ತು ಮೂಡುವ ಮೊದಲೇ ಎದ್ದು, ಬಿಸಿನೀರಿನ ಚೀಲ ಕಟ್ಟಿಕೊಂಡು ತಂಗಿದ್ದ ಹಾಸ್ಟೆಲಿನ ಅಂಗಳ ಸುತ್ತಿದಳು. ಒಂದು ಮಾತ್ರೆ ನುಂಗಿದಳು. ಎರಡನೆಯದನ್ನು ನುಂಗಿದರೆ ನೋವು ಇಳಿಯುತ್ತದೆ, ಆದರೆ ತಲೆಗೆ ಹತ್ತಿ ತುಂಬಿದಂತಾಗುತ್ತದೆ. ಅದನ್ನು ವಾಪಸು ಡಬ್ಬಿಗೆ ಹಾಕಿದಳು. ಕೋಲನ್ನು ತೆಗೆದು ಬಿಚ್ಚಿಕೊಂಡು ಹೋದಳು.

ವೇದಿಕೆಯ ಮೇಲೆ ಅವಳು ಒಂದು ಕಡೆ ನಿಲ್ಲಲಿಲ್ಲ. ಪರದೆಯ ಈ ಬದಿಯಿಂದ ಆ ಬದಿಗೆ ನಡೆಯುತ್ತ, ಚಿತ್ರಗಳನ್ನು ಕೋಲಿನಿಂದಲೇ ತೋರಿಸುತ್ತ ಮಾತಾಡಿದಳು. ನಡುವೆ ಒಮ್ಮೆ ಸೊಂಟ ಕಚ್ಚಿಕೊಂಡು ಉಸಿರು ನಿಂತಿತು. ಮೇಜಿಗೆ ಎರಡೂ ಕೈ ಊರಿ, "ಒಂದು ನಿಮಿಷ," ಎಂದಳು. ಯಾರೂ ನಗಲಿಲ್ಲ. ಮತ್ತೆ ಶುರು ಮಾಡಿದಳು. ಬಸ್ ನಿಲ್ದಾಣದ ಮತ್ತು ಆಸ್ಪತ್ರೆಯ ಗೋಡೆಗಳಲ್ಲಿ ಕೆಟ್ಟ ಗಾಳಿ ತಾಳದ ಸೂಕ್ಷ್ಮ ಜಾತಿಗಳು ಒಂದೂ ಉಳಿದಿಲ್ಲ ಎಂಬುದು ಅವಳ ಮುಖ್ಯ ಮಾತು. ಅದನ್ನು ಹೇಳುವಾಗ ದನಿ ಏರಿತು, ನೋವು ಎಲ್ಲೋ ಹಿಂದಿನ ಬೆಂಚಿಗೆ ಹೋಗಿ ಕೂತ ಹಾಗಾಯಿತು.

ಪ್ರಶ್ನೆಗಳ ಸಮಯ. ಮೊದಲು ಕೈ ಎತ್ತಿದವರು ಅದೇ ಹಿರಿಯರು. ಏನಾದರೂ ಕನಿಕರದ ಮಾತಾಡಿ ಕೂರುತ್ತಾರೆ ಎಂದು ಅವಳು ಹಲ್ಲು ಕಚ್ಚಿಕೊಂಡಳು.

"ಒಂದೂ ಉಳಿದಿಲ್ಲ ಅಂದ್ರಿ. ಗೋಡೆಯ ಬುಡದಲ್ಲಿ ನೋಡಿದ್ರಾ? ತೇವ ಇರೋದು ಅಲ್ಲಿ. ಉಳ್ಕೊಂಡಿದ್ರೆ ಅಲ್ಲೇ ಉಳ್ಕೊಂಡಿರುತ್ತೆ. ನಿಮ್ಮ ಅಂಕಿಗಳೆಲ್ಲ ಮೊಣಕಾಲಿಂದ ಮೇಲಿನವು. ಯಾಕೆ?"

ಬುಗುರಿಯ ಕಣ್ಣು ತಾನಾಗಿ ಗೈಡ್ ಮೇಡಂ ಕಡೆ ಹೋಯಿತು. ಅವರು ಮಡಿಲಲ್ಲಿದ್ದ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದರು. ಅದು ವಿಧಾನದ ಆಯ್ಕೆ ಎಂದು ಹೇಳಿ ಪಾರಾಗಬಹುದಿತ್ತು. ಹಾಗೆ ಪಾರಾಗುವವರನ್ನು ಅವಳು ನಿನ್ನೆಯಿಂದ ಎಷ್ಟೋ ನೋಡಿದ್ದಳು.

"ನನಗೆ ಬಗ್ಗೋಕಾಗಲ್ಲ ಸರ್. ಅದಕ್ಕೇ ನೋಡಿಲ್ಲ. ಬೇರೆ ಕಾರಣ ಇಲ್ಲ."

"ಪ್ರಬಂಧದಲ್ಲಿ ಅದು ಇಲ್ವಲ್ಲ."

"ಇಲ್ಲ. ಇರಬೇಕಿತ್ತು."

"ಇರಲೇಬೇಕಿತ್ತು," ಎಂದರು ಅವರು, ದನಿಯಲ್ಲಿ ಬಿಸಿಯೂ ಇಲ್ಲದೆ ತಂಪೂ ಇಲ್ಲದೆ. "ನಾನು ಮರ ಹತ್ತೋದು ನಿಲ್ಲಿಸಿ ವರ್ಷಗಳಾದ್ವು. ಮೇಲಿನ ಕೊಂಬೆ ನೋಡಿಲ್ಲ ಅಂತ ಪ್ರತಿ ಸಲ ಬರೀತೀನಿ. ನೋಡದೇ ಇರೋದು ತಪ್ಪಲ್ಲ. ನೋಡದೇ 'ಒಂದೂ ಇಲ್ಲ' ಅನ್ನೋದು ತಪ್ಪು. ಆ ಮಾತು ವಾಪಸ್ ತಗೋತೀರಾ?"

"ಬುಡ ನೋಡೋವರೆಗೂ ತಗೋತೀನಿ. ಆಸ್ಪತ್ರೆ ಗೋಡೆ ಬಗ್ಗೆ ಹೇಳಿದ್ದನ್ನ ಮಾತ್ರ ತಗೊಳ್ಳಲ್ಲ. ಅಲ್ಲಿ ಬುಡದವರೆಗೂ ಗಾರೆ ಮೆತ್ತಿದ್ದಾರೆ, ತೇವ ನಿಲ್ಲೋ ಬುಡ ಅನ್ನೋದೇ ಇಲ್ಲ."

ಅವರು ಒಪ್ಪಲಿಲ್ಲ. ಅವಳು ಬಿಡಲಿಲ್ಲ. ಅಧ್ಯಕ್ಷರು ಗಂಟೆ ಬಾರಿಸಿದರು, ಇನ್ನೊಮ್ಮೆ ಬಾರಿಸಿದರು. ಬುಗುರಿ ಕೋಲೂರಿ ವೇದಿಕೆಯಿಂದ ಇಳಿದಳು. ಅವಮಾನವಾಗಿತ್ತು, ನಿಜ, ಮುಖ್ಯ ಮಾತೇ ಕೈಬಿಟ್ಟುಹೋಗಿತ್ತು. ಆದರೂ ಒಳಗೊಂದು ವಿಚಿತ್ರ ಖುಷಿ ಏಳುತ್ತ ಬೀಳುತ್ತ ಇತ್ತು. ಯಾರೋ ಒಬ್ಬರು ಅವಳ ಬೆನ್ನನ್ನು ಬಿಟ್ಟು ಅವಳ ಗೋಡೆಯ ಮೇಲೆ ಬಿದ್ದಿದ್ದರು.

ಚಹಾದ ಹೊತ್ತಿಗೆ ಗೈಡ್ ಮೇಡಂ ಬಂದು ಪಕ್ಕದಲ್ಲಿ ನಿಂತರು. ಬುಗುರಿ ನಡೆಯುತ್ತಿದ್ದಳು, ಅವರೂ ಜೊತೆಗೆ ನಡೆಯಬೇಕಾಯಿತು.

"ಆ ಸಾಲು ಹೊಡೆದಿದ್ದು ನಾನು ಅಂತ ಅಲ್ಲೇ ಹೇಳಬಹುದಿತ್ತು ನೀನು."

"ನೀವೇ ಹೇಳಬಹುದಿತ್ತು ಮೇಡಂ."

"ಹೌದು," ಎಂದರು ಮೇಡಂ. "ಬಾಯಿ ಬರಲಿಲ್ಲ. ನಿನ್ನನ್ನ ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದೆ."

ಪರವಾಗಿಲ್ಲ ಎಂಬ ಮಾತು ಬುಗುರಿಯ ನಾಲಿಗೆಯ ತುದಿಗೆ ಬಂತು. ನೆಂಟರಿಗೆ, ಸಂಚಾಲಕರಿಗೆ, ಕಾಲೆತ್ತಿ ಹಿಡಿದವರಿಗೆಲ್ಲ ಹೇಳಿ ಹೇಳಿ ಸವೆದ ಮಾತು ಅದು. ಈ ಸಲ ಅದನ್ನು ನುಂಗಿಕೊಂಡಳು.

"ಸಾಲು ವಾಪಸ್ ಹಾಕ್ತೀನಿ ಮೇಡಂ. ಬುಡದ ಮಾದರಿ ತೆಗೆಯೋಕೆ ಸಾವಕಾಶನ್ನ ಕಳಿಸಿ."

"ಹಾಕು. ಕಳಿಸ್ತೀನಿ."

ಊರಿಗೆ ಮರಳಿದ ವಾರವೇ ಕೆಲಸ ಶುರುವಾಯಿತು. ಬಸ್ ನಿಲ್ದಾಣದ ಹಿಂದಿನ ಗೋಡೆ. ಹೊಗೆ, ಹಾರ್ನು, ಬೀಡಿ ತುಂಡು. ಸಾವಕಾಶ ಕುಕ್ಕರಗಾಲಲ್ಲಿ ಕೂತು ಬುಡಕ್ಕೆ ಭೂತಗನ್ನಡಿ ಹಿಡಿದ. ಬುಗುರಿ ಅವನ ಹಿಂದೆ ಅತ್ತಿಂದಿತ್ತ ನಡೆಯುತ್ತ ಅವನು ಹೇಳಿದ್ದನ್ನು ಫೋನಿಗೆ ಒತ್ತಿಕೊಳ್ಳುತ್ತಿದ್ದಳು.

"ಇಲ್ಲೊಂದಿದೆ," ಎಂದ ಅವನು.

"ಯಾವುದು?"

"ತಡಿ. ಸಾವಕಾಶ."

"ಸಾವಕಾಶ ಅಂದ್ರೆ ಒದೀತೀನಿ. ಬಣ್ಣ ಹೇಳು, ಅಂಚು ಹೇಳು."

"ಬೂದು ಹಸಿರು. ಅಂಚು ಎದ್ದಿದೆ, ಎಲೆ ಥರ. ಅದೇ ಕಣೇ. ಇಲ್ಲ ಅಂತ ಹೇಳಿದ್ಯಲ್ಲ, ಅದೇ."

ಅವಳ ಒಂದು ವರ್ಷದ ವಾದ ಅರ್ಧ ಕುಸಿದಿತ್ತು. ಅವನು ಫೋಟೋ ತೆಗೆದು ಮೇಲೆ ಚಾಚಿದ. ಅವಳು ಹಿಗ್ಗಿಸಿ ನೋಡಿದಳು, ಬಿಸಿಲಿಗೆ ಏನೂ ಸರಿಯಾಗಿ ಕಾಣಲಿಲ್ಲ.

"ಇದು ಸಾಕಾಗಲ್ಲ. ಹತ್ತಿರದಿಂದ ಇನ್ನೊಂದು ತೆಗಿ. ಆ ಕಡೆ ಮೂಲೇಲಿ ಇದೆಯಾ ನೋಡು. ಅದರಾಚೆ?"

"ಸ್ವಲ್ಪ ಉಸಿರಾಡೋಕೆ ಬಿಡ್ತೀಯಾ? ಕಾಲು ಜೋಮು ಹಿಡಿದಿದೆ."

"ಹಿಡೀಲಿ," ಎಂದು ಬುಗುರಿ ಗೋಡೆಯ ಮುಂದಿನ ತುದಿಯ ಕಡೆ ಆಗಲೇ ನಡೆದಿದ್ದಳು.