ಕಫನಿಗೆ ಮೀಟರ್ ಇಲ್ಲ

ಹಳದಿ ಚೀಟಿ ಬೆರಳು ಬಿಡುತ್ತಿಲ್ಲ, ಹಿಂಬದಿಯಲ್ಲಿ ಗೋಂದು, ಹೆಬ್ಬೆರಳಿನಿಂದ ಕಿತ್ತರೆ ತೋರುಬೆರಳಿಗೆ, ತೋರುಬೆರಳಿನಿಂದ ಕಿತ್ತರೆ ಮತ್ತೆ ಹೆಬ್ಬೆರಳಿಗೆ, ಥತ್, ಅರುವತ್ತೆರಡು ವರ್ಷದ ಗಂಡಸಿಗೆ ಬೆಳಿಗ್ಗೆ ಎದ್ದು ಕೊಡುವ ಕೆಲಸವಾ ಇದು, ಅಂಕಲ್, ನಿಮ್ಮ ಮೂರು ಮೌಲ್ಯ ಬರೀರಿ, ಎಂತ ಆದರೂ ನೀವು ಬಿಟ್ಟುಕೊಡದೇ ಇರುವಂಥದ್ದು, ಎಂದು ನಿರೀಕ್ಷಾ ನಗುತ್ತಾಳೆ, ಕೊಡಿಯಾಲ್‌ಬೈಲಿನ ಯಾವುದೋ ಆಫೀಸಿನಿಂದ ರಿಯಾಝ್ ಕರೆಸಿದ ಟ್ರೈನಿಂಗ್ ಹುಡುಗಿ, ಅವಳ ಮೇಲೆ ಮೊಯ್ದೀನಬ್ಬನಿಗೆ ಸಿಟ್ಟಿಲ್ಲ, ಅವಳು ಪಾಪ ಕೂಲಿಗೆ ಬಂದವಳು, ಸಿಟ್ಟೆಲ್ಲ ಗೋಡೆಯ ಮೇಲಿನ ಆ ಗಾಜಿನ ಫ್ರೇಮಿನ ಮೇಲೆ, ಹಳೆ ಧಣಿಯ ಫೋಟೋ ಇದ್ದ ಜಾಗದಲ್ಲಿ ಈಗ ಇಂಗ್ಲಿಷಿನಲ್ಲಿ ಐದು ಸಾಲು, ಮೊದಲನೆಯದು ಇಂಟೆಗ್ರಿಟಿ, ದುಬೈಯಿಂದ ಬಂದ ಮಗ ಈ ರಿಯಾಝ್ ಮೊದಲು ಮಾಡಿದ ಕೆಲಸ ಬಾಪನ ಫೋಟೋ ಇಳಿಸಿದ್ದು, ಎರಡನೆಯದು ಬಟ್ಟೆ ಅಳೆಯುವ ಮೀಟರು ಕೋಲು ಬದಲಾಯಿಸಿದ್ದು, ಮೂವತ್ತೊಂದು ವರ್ಷ ಮೊಯ್ದೀನಬ್ಬನ ಕೈ ಸವೆಸಿದ ಆ ಕೋಲು ಈಗ ಗೋಡೌನಿನಲ್ಲಿ ಪೊರಕೆಗಳ ಜೊತೆ ನಿಂತಿದೆ. ಬರೆಯಬೇಕಂತೆ, ಬಿಟ್ಟುಕೊಡದ್ದು ಎಂತ ಉಂಟು ಈಗ, ಇದ್ದ ಒಂದನ್ನು ಮೊನ್ನೆ ಹಗಲು ಹನ್ನೊಂದು ಗಂಟೆಗೆ ಇದೇ ಟೇಬಲಿನ ಮೇಲೆ ಕತ್ತರಿ ಹಾಕಿ ಬಿಟ್ಟುಕೊಟ್ಟಾಯಿತಲ್ಲ, ಅದನ್ನು ಬರೆಯಲಾ, ಬರೆದು ಅಂಟಿಸಲಾ ನಿನ್ನ ಬೋರ್ಡಿಗೆ?

ಅದ್ರಾಮ ಬ್ಯಾರಿಯ ಮಗ ಉಬೈದ್ ಮೊನ್ನೆ ಬಂದಾಗ ಕಣ್ಣು ಕೆಂಪಾಗಿತ್ತು, ಸೌದಿಯ ದಮ್ಮಾಮಿನಿಂದ ರಜೆಯಲ್ಲಿ ಬಂದು ವಾರವಾಗಿರಲಿಲ್ಲ, ಮೊಯ್ದೀನ್ ಕಾಕಾ, ಬಾಪ ಹೋದರು, ಮೈಗೆ ಸುತ್ತಲು ಕಫನಿನ ಬಟ್ಟೆ ಬೇಕಿತ್ತು, ಮೂರು ಸುತ್ತಲ್ಲವಾ, ಎರಡೆರಡು ಮೀಟರ್ ಹಿಡಿದರೆ ಆರು, ಆರು ಕೊಡಿ. ಅವನಿಗೆಲ್ಲಿ ಗೊತ್ತು, ಬಾಪ ಸತ್ತ ಮಗನಿಗೆ ಲೆಕ್ಕ ಎಲ್ಲಿಂದ ಬರಬೇಕು, ಅದಕ್ಕೇ ಅಲ್ಲವಾ ಈ ಅಂಗಡಿಯಲ್ಲಿ ಒಂದು ಪದ್ಧತಿ ಇದ್ದದ್ದು, ಕಫನಿಗೆ ಮೀಟರ್ ಇಲ್ಲ ಮೊಯ್ದೀನೇ, ಆಳು ಉಂಟು, ಎನ್ನುತ್ತಿದ್ದರು ಹಳೆ ಧಣಿ, ಬಂದವರು ಎಷ್ಟೇ ಹೇಳಲಿ, ಹೋದವರು ಎಷ್ಟು ಉದ್ದ ಅಂತ ಮೊದಲು ಕೇಳು, ತಲೆಯ ಕಡೆ ಒಂದು ಗೇಣು, ಕಾಲಿನ ಕಡೆ ಒಂದು ಗೇಣು ಗಂಟು ಕಟ್ಟುವುದಕ್ಕೆ ಬಿಡು, ಬಿಟ್ಟದ್ದಕ್ಕೆ ಬಿಲ್ಲು ಹಾಕಬೇಡ, ಅಂಗಡಿಯ ಬರ್ಕತ್ತು ಅದರಲ್ಲೇ ಉಂಟು. ಮೊಯ್ದೀನಬ್ಬ ಮೂವತ್ತೊಂದು ವರ್ಷ ಕೇಳಿದ, ಬ್ಯಾರಿಗಳಲ್ಲೂ ಕೇಳಿದ, ಹೆಣಕ್ಕೆ ಬಿಳಿ ಬಟ್ಟೆ ಬೇಕೆಂದು ಬಂದ ಹಿಂದೂ ಮಾಯಿಲಪ್ಪನ ಮನೆಯವರಲ್ಲೂ ಕೇಳಿದ, ಕೇಳದೆ ಕತ್ತರಿ ಮುಟ್ಟಿದ್ದಿಲ್ಲ, ಮೊನ್ನೆ ಕೇಳುವ ಅಗತ್ಯವೇ ಇರಲಿಲ್ಲ, ಅದ್ರಾಮ ಬ್ಯಾರಿ ಎಷ್ಟು ಉದ್ದ ಅಂತ ಇವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ದಕ್ಕೆಯಲ್ಲಿ ಮೀನು ಇಳಿಸುತ್ತಿದ್ದ ಆರಡಿ ಮೂರಿಂಚಿನ ಆಸಾಮಿ, ಈ ಅಂಗಡಿಯ ಶಟರಿಗೆ ತಲೆ ಬಗ್ಗಿಸದೆ ಒಳಗೆ ಬಂದದ್ದೇ ಇಲ್ಲ, ನಿಮ್ಮ ಶಟರ್ ನನಗೆ ಸಲಾಂ ಹೊಡೆಸುತ್ತದೆ ಮಾರಾಯ ಅಂತ ನಗುತ್ತಿದ್ದ. ಗೊತ್ತಿತ್ತು. ಗೊತ್ತಿದ್ದೂ ನಾಲಗೆ ಏಳಲಿಲ್ಲ, ಯಾಕೆಂದರೆ ಹಿಂದೆ ರಿಯಾಝ್ ನಿಂತಿದ್ದ, ಹಿಂದಿನ ದಿನವಷ್ಟೇ ಎಲ್ಲರೆದುರು ಹೇಳಿದ್ದ, ಆರು ಕೇಳಿದವರಿಗೆ ಆರೇ ಕಾಕಾ, ಒಂದಿಂಚು ಕಮ್ಮಿ ಬೇಡ, ಒಂದಿಂಚು ಜಾಸ್ತಿಯೂ ಬೇಡ, ಗಿರಾಕಿಗೆ ಬುದ್ಧಿ ಹೇಳುವುದು ನಮ್ಮ ಕೆಲಸ ಅಲ್ಲ, ಇಂಟೆಗ್ರಿಟಿ ಅಂದರೆ ಅದೇ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ! ಆದರೆ ಕತ್ತರಿ ಯಾರ ಕೈಯಲ್ಲಿತ್ತು, ರಿಯಾಝಿನ ಕೈಯಲ್ಲಾ, ಏಳು ಬೇಕಾಗ್ತದೆ ಮಗಾ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು, ಈ ವಯಸ್ಸಿನಲ್ಲಿ ಕೆಲಸ ಹೋದರೆ ಬೇರೆ ಯಾರು ಕೊಡುತ್ತಾರೆ ಅಂತ ಹೆದರಿದೆಯಲ್ಲ ಮೊಯ್ದೀನೇ, ನಾಯಿ, ಹೆದರಿ ಆರಕ್ಕೆ ಸರಿಯಾಗಿ ಪರ್ರನೆ ಹರಿದೆಯಲ್ಲ.

ಮಣ್ಣಗುಡ್ಡದ ಅದ್ರಾಮನ ಮನೆಯಲ್ಲಿ ಮಯ್ಯತ್ತಿಗೆ, ಅವನ ಹೆಣಕ್ಕೆ, ಸ್ನಾನ ಮುಗಿದಿತ್ತು, ಬಟ್ಟೆ ಹಾಸುವುದಕ್ಕೆ ಎಂದಿನ ಹಾಗೆ ಇವನನ್ನೇ ಕರೆದರು, ತನ್ನದೇ ಬಟ್ಟೆ, ತನ್ನದೇ ಕತ್ತರಿಯ ಅಂಚು, ತಲೆಯ ಕಡೆ ಗಂಟಿಗೆ ಬಿಟ್ಟು ಎಳೆದರೆ ಕಾಲು ಹೊರಗೆ, ಕಾಲಿನ ಕಡೆ ಗಂಟಿಗೆ ಬಿಟ್ಟು ಎಳೆದರೆ ಹಣೆ ಹೊರಗೆ, ಎರಡನೆಯ ಸುತ್ತಿನಲ್ಲೂ ಅದೇ, ಮೂರನೆಯದರಲ್ಲೂ ಅದೇ, ಅಂಚಿನಿಂದಾಚೆ ಬಲಗಾಲಿನ ಹೆಬ್ಬೆರಳು, ಯಾವ ಕಾಲದಲ್ಲೋ ಐಸಿನ ಪೆಟ್ಟಿಗೆ ಬಿದ್ದು ಕಪ್ಪುಗಟ್ಟಿದ ಉಗುರು, ತೊಳೆದ ನೀರು ಇನ್ನೂ ಅದರ ಮೇಲೆ. ಮಸೀದಿಯ ಉಸ್ತಾದರು ಮೆಲ್ಲಗೆ ಹೇಳಿದರು, ತಲೆ ಮುಚ್ಚಿ, ಕಾಲಿಗೆ ಬೇರೆ ಎಂತಾದರೂ ಉಂಟಾ ನೋಡಿ. ಒಳಗಿನಿಂದ ಹಬೀಬಾ, ಅದ್ರಾಮನ ಹೆಂಡತಿ, ತಾನು ನಮಾಝಿಗೆ ಹೊದೆಯುವ ಬಿಳಿ ಬಟ್ಟೆ ಕಳಿಸಿದಳು, ಮಾಸಲು ಬಿಳಿ, ಅದರ ಅಂಚಿನಲ್ಲಿ ಕಸೂತಿಯ ಹೂ, ಅದನ್ನೇ ಹರಿದು ಸುತ್ತಿದರು. ಮೂಲೆಯಲ್ಲಿ ಉಬೈದ್ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ, ನಾನೇ ಆರು ಅಂದದ್ದು, ನನ್ನ ಬಾಪ ಎಷ್ಟು ಉದ್ದ ಅಂತ ನನಗೇ ಗೊತ್ತಿಲ್ಲ, ಹದಿನಾಲ್ಕು ವರ್ಷ ದೂರ ಇದ್ದು ಬಾಪನ ಅಳತೆಯೇ ಮರೆತುಬಿಟ್ಟೆ ಕಾಕಾ. ಮೊಯ್ದೀನಬ್ಬ ಅವನ ಬೆನ್ನು ಸವರಿದ. ಬೆನ್ನು ಸವರಿ ಎಂತ ಹೇಳಿದ, ಅಲ್ಲಾಹನ ವಿಧಿ ಮಗಾ ಅಂತ ಹೇಳಿದ! ತನ್ನ ಪುಕ್ಕಲುತನವನ್ನು ತೆಗೆದು ಅಲ್ಲಾಹನ ತಲೆಗೆ ಕಟ್ಟಿದ, ಆ ಹುಡುಗ ನಾಡಿದ್ದು ವಿಮಾನ ಹತ್ತುತ್ತಾನೆ, ಆ ಬೆರಳನ್ನು ಹೊತ್ತುಕೊಂಡು ಹತ್ತುತ್ತಾನೆ, ಸಾಯುವ ತನಕ ತನ್ನದೇ ತಪ್ಪು ಅಂದುಕೊಂಡಿರುತ್ತಾನೆ, ಮತ್ತೆ ನೀನು ಇಲ್ಲಿ ಪೆನ್ನು ಹಿಡಿದು ಮೌಲ್ಯ ಬರೆ.

ಅಂಕಲ್, ಆಯ್ತಾ, ಎಲ್ಲರದ್ದೂ ಆಯ್ತು, ನಿರೀಕ್ಷಾ ಕೈ ಚಾಚಿದ್ದಾಳೆ, ಬೋರ್ಡಿನ ತುಂಬ ಹಳದಿ ಚೀಟಿಗಳು, ಪ್ರಾಮಾಣಿಕತೆ, ಪ್ರಾಮಾಣಿಕತೆ, ಶಿಸ್ತು, ಮತ್ತೆ ಪ್ರಾಮಾಣಿಕತೆ, ಎಂತ ಕಾಕಾ, ಒಂದೂ ಹೊಳೀಲಿಲ್ವಾ ಎಂದು ರಿಯಾಝ್ ನಗುತ್ತಾನೆ, ಮೊಯ್ದೀನಬ್ಬ ಚೀಟಿಯನ್ನು ಮುದ್ದೆ ಮಾಡಿ ಟೇಬಲಿಗೆ ಎಸೆದು ಜೇಬಿನಿಂದ ಫೋನು ತೆಗೆಯುತ್ತಾನೆ, ಕಾಕಾ, ಸೆಷನ್ ಮುಗಿಯಲಿ, ಆಮೇಲೆ ಫೋನು, ಎನ್ನುತ್ತಾನೆ ರಿಯಾಝ್, ನಿನ್ನ ಸೆಷನ್ ಹಾಳಾಗಿ ಹೋಗಲಿ, ಎಲ್ಲರಿಗೂ ಕೇಳಲಿ, ನಿನಗೇ ಮೊದಲು ಕೇಳಲಿ, ಒಂದು ರಿಂಗು, ಎರಡು, ನಾಲ್ಕು, ಹಲೋ, ಹೇಳಿ ಕಾಕಾ, ಎಷ್ಟು ಮರ್ಯಾದೆಯ ಸ್ವರ ಈ ಹುಡುಗನದ್ದು, ಉಬೈದ್, ತಪ್ಪು ನಿನ್ನದಲ್ಲ, ಆರು ಸಾಲುವುದಿಲ್ಲ ಅಂತ ನನಗೆ ಗೊತ್ತಿತ್ತು, ನಿನ್ನ ಬಾಪನ ಉದ್ದ ನನಗೆ ಗೊತ್ತಿತ್ತು, ಗೊತ್ತಿದ್ದೇ ಕತ್ತರಿಸಿದೆ, ಹೊಸ ಧಣಿ ಹಿಂದೆ ನಿಂತಿದ್ದ ಅಂತ ಹೆದರಿ ಕತ್ತರಿಸಿದೆ, ಕೇಳ್ತದಾ ಮಗಾ, ಆ ಕಡೆ ಉಬೈದನ ಉಸಿರು ಮಾತ್ರ, ಬೈಯಿ ಮಗಾ, ಎಂತಾದರೂ ಬೈಯಿ, ಮತ್ತೆ ಕಣ್ಣೆದುರು ಅದೇ ಹೆಬ್ಬೆರಳು, ಬಿಳಿ ಅಂಚಿನಿಂದಾಚೆ, ಕಪ್ಪು ಉಗುರು, ಉಗುರಿನ ಮೇಲೆ ನೀರು, ಒಂದು ಗೇಣು ಹೊರಗೆ